ಇಲ್ಲಿ ಯಾರೂ ಸಿಗಲಿಲ್ಲ

ಸೋಮವಾರ ಹತ್ತು ಗಂಟೆಗೆ ಅವಳೂ ಸೇರಿ ಮೂವತ್ತು ಜನರನ್ನು ಮೀಟಿಂಗ್ ರೂಮಿಗೆ ಕರೆದು, ಆರು ವಾರದ ನಂತರ ನಿಮಗೆ ಕೆಲಸವಿಲ್ಲ ಎಂದರು. ಹತ್ತೂವರೆಗೆ ಅವಳ ಮೇಜಿನ ಪಕ್ಕಕ್ಕೆ ಇನ್ನೊಂದು ಕುರ್ಚಿ ಬಂತು. ಕುರ್ಚಿಯ ಹಿಂದೆಯೇ ಒಬ್ಬ ಹೊಸಬ ಬಂದ, ಕೈಯಲ್ಲಿ ಹೊಸ ನೋಟ್‌ಬುಕ್ ಹಿಡಿದುಕೊಂಡು.

"ಇವರು ಆರು ವಾರ ನಿಮ್ಮ ಜೊತೆಗೇ ಇರ್ತಾರೆ," ಎಂದ ಮ್ಯಾನೇಜರ್, ಅವಳ ಮುಖ ನೋಡದೆ. "ನಿಮಗೆ ಗೊತ್ತಿರೋದನ್ನೆಲ್ಲ ಹೇಳಿಕೊಡಿ."

ಪರದೇಶದಲ್ಲಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಆ ಕಂಪನಿಯಲ್ಲಿ ಅವಳು ಹನ್ನೊಂದು ವರ್ಷದಿಂದ ಡೇಟಾಬೇಸ್ ನೋಡಿಕೊಳ್ಳುತ್ತಿದ್ದಳು. ಎಲ್ಲಿ ಹಾಸಿಗೆ ಖಾಲಿ ಇದೆ, ಯಾರಿಗೆ ಯಾವ ಗುಂಪಿನ ರಕ್ತ ಬೇಕು, ಎಲ್ಲ ಅವಳ ಕೈಯಡಿ. ಟೀಮಿನವರು ಅವಳನ್ನು ಕರೆಯುತ್ತಿದ್ದದ್ದೇ ಸರ್ವರಮ್ಮ ಎಂದು. ಹೇಳಿಕೊಡದಿದ್ದರೆ ಅನುಭವ ಪತ್ರವಿಲ್ಲ, ಹೊರಗೆ ಬಾಯಿಬಿಟ್ಟರೆ ಕೋರ್ಟು ಎಂದು ಬೆಳಿಗ್ಗೆಯೇ ಸಹಿ ಹಾಕಿಸಿಕೊಂಡಿದ್ದರು.

"ಬಂದ ನೋಡು ಮಹರಾಯ, ನನ್ನ ಅನ್ನದ ತಟ್ಟೆಗೆ ಕೈ ಹಾಕೋಕೆ," ಎಂದು ಮನೆಮಾತಿನಲ್ಲಿ ಗೊಣಗಿದಳು, ಇವನಿಗೆಲ್ಲಿ ಅರ್ಥವಾದೀತು ಎಂದುಕೊಂಡು.

ಅವನ ಪೆನ್ನು ನಿಂತಿತು. "ಮೇಡಂ, ನಂದೂ ಅದೇ ಭಾಷೆ. ತಟ್ಟೆ ವಿಷಯ ಮಾತ್ರ ತಲೆಗೆ ಹೋಗ್ಲಿಲ್ಲ."

ನಾಟಕ, ಎಂದುಕೊಂಡಳು. ಎರಡು ವಾರ ಅವನನ್ನು ಓಡಿಸಿ ಓಡಿಸಿ ಕಲಿಸಿದಳು. ಒಂದು ಸ್ಕ್ರೀನ್ ಕಣ್ಣಿಗೆ ಬೀಳುವಷ್ಟರಲ್ಲಿ ಇನ್ನೊಂದು ತೆರೆಯುತ್ತಿದ್ದಳು. ಅವನು ಒಮ್ಮೆಯೂ ದೂರಲಿಲ್ಲ. ಮರುದಿನ ಬಂದು, ಅವಳು ಬೇಕೆಂದೇ ಹಾರಿಸಿದ್ದ ವಿಷಯವನ್ನೇ ಕೇಳುತ್ತಿದ್ದ.

"ಸ್ಕ್ರೀನ್ ನೋಡಿ," ಎಂದಳು ಒಂದು ದಿನ.

"ನೋಡ್ತಾ ಇದ್ದೀನಲ್ಲ."

"ಸ್ಕ್ರೀನ್ ಗೋಡೆ ಕಡೆಗಿದೆ. ನನ್ನ ಮುಖದ ಮೇಲಲ್ಲ."

ಅವನ ಕಿವಿ ಕೆಂಪಾಯಿತು. ಆ ಕೆಂಪು ಇಳಿಯುವವರೆಗೂ ಅವಳು ಕೀಬೋರ್ಡಿನಿಂದ ತಲೆಯೆತ್ತಲಿಲ್ಲ. ತನ್ನ ತುಟಿಯಂಚಿನ ನಗು ಅವನಿಗೆ ಕಂಡುಬಿಟ್ಟರೆ ಎಂಬ ಭಯ.

ಮೂರನೆಯ ವಾರ, ಏಳು ವರ್ಷದ ಹಿಂದೆ ಅವಳು ಬರೆದಿದ್ದ ಪ್ರೋಗ್ರಾಮಿನಲ್ಲಿ ಅವನೊಂದು ತಪ್ಪು ಹಿಡಿದ. ಫೆಬ್ರವರಿ ಇಪ್ಪತ್ತೊಂಬತ್ತಕ್ಕೆ ಹುಟ್ಟಿದ ಮಕ್ಕಳಿಗೆಲ್ಲ ಅದು ಮಾರ್ಚ್ ಒಂದು ಎಂದು ಬರೆಯುತ್ತಿತ್ತು. ಅವಳು ಕಣ್ಣು ಕೆಕ್ಕರಿಸಿ ನೋಡಿದಳು, ಆಮೇಲೆ ಜೋರಾಗಿ ನಕ್ಕುಬಿಟ್ಟಳು.

"ನಗೋದಕ್ಕೂ ಬರುತ್ತಾ ನಿಮಗೆ?"

"ನಾಲ್ಕು ವರ್ಷಕ್ಕೊಂದು ಸಲ."

ಅವನೂ ನಕ್ಕ. ಅದೇ ಸಲಿಗೆಯಲ್ಲಿ, "ಪ್ರಮೋಷನ್ ಆದ್ಮೇಲೂ ನಮ್ಮನ್ನ ಮರೀಬೇಡಿ ಮೇಡಂ," ಎಂದ. "ನೀವು ಮೇಲಿನ ಹುದ್ದೆಗೆ ಹೋಗ್ತೀರಿ, ಅದಕ್ಕೇ ಜಾಗ ಖಾಲಿ ಅಂತ ನನ್ನನ್ನ ಇಲ್ಲಿಗೆ ಕಳಿಸಿದ ಏಜೆನ್ಸಿಯವರು ಹೇಳಿದ್ರು."

ಅವಳ ನಗು ಅಲ್ಲೇ ಆರಿತು. ಹಾಗಾದರೆ ಇವನದು ನಾಟಕವಲ್ಲ.

ಅವನನ್ನು ಕೆಳಗಿನ ಲಾಬಿಗೆ ಕರೆದೊಯ್ದಳು. ಗೋಡೆಯ ಮೇಲೆ ಆಳೆತ್ತರದ ಪೋಸ್ಟರ್: ಐದು ಮೈಬಣ್ಣದ ಐದು ಮುಖ, ನಡುವೆ ಅವಳದು. ಕೆಳಗೆ, 'ಎಲ್ಲರಿಗೂ ಇಲ್ಲಿ ಜಾಗವಿದೆ.'

"ಈ ಐದರಲ್ಲಿ ನಾಲ್ಕು ಜನಕ್ಕೆ ಇನ್ನು ಮೂರೇ ವಾರ," ಎಂದಳು. "ಪ್ರಮೋಷನ್ ಅಂತೆ! ನನ್ನ ಕೈಯಿಂದಲೇ ನನಗೆ ಗುಂಡಿ ತೋಡಿಸ್ತಿದ್ದಾರೆ. ಗುದ್ದಲಿ ನೀವು."

ಅವನು ಪೋಸ್ಟರನ್ನೂ ನೋಡಿದ, ಅವಳನ್ನೂ ನೋಡಿದ.

ಮರುದಿನ ಮಧ್ಯಾಹ್ನ ಕ್ಯಾಂಟೀನಿನ ಮೂಲೆಯಲ್ಲಿ ಅವಳ ಮುಂದೊಂದು ಕಾಗದವಿಟ್ಟ. ಅವನ ವೀಸಾಕ್ಕಾಗಿ ಕಂಪನಿ ಸರ್ಕಾರಕ್ಕೆ ಕೊಟ್ಟ ಹೇಳಿಕೆ. ಅದರಲ್ಲಿ ಒಂದು ಸಾಲಿತ್ತು: ಈ ಕೆಲಸ ಬಲ್ಲವರು ಎಷ್ಟು ಹುಡುಕಿದರೂ ಇಲ್ಲಿ ಯಾರೂ ಸಿಗಲಿಲ್ಲ.

"ಸಿಗ್ಲಿಲ್ವಾ?" ಅವಳು ಮೇಜು ಗುದ್ದಿದಳು. ಪಕ್ಕದ ಮೇಜಿನವರು ತಿರುಗಿದರು. "ಹನ್ನೊಂದು ವರ್ಷದಿಂದ ಕಂಬದ ಹಾಗೆ ಇಲ್ಲೇ ಕೂತಿದ್ದೀನಿ! ನಾನೂ ನಿಮ್ಮ ಹಾಗೇ ವೀಸಾ ಹಿಡ್ಕೊಂಡು ಬಂದವಳು. ಈ ದೇಶದವಳಾಗೋಕೆ ಎಷ್ಟು ಕ್ಯೂ ನಿಂತೆ ಗೊತ್ತಾ? ಈಗ ನಾನು ಯಾರೂ ಅಲ್ಲ!"

"ಇದನ್ನ ಲೇಬರ್ ಆಫೀಸಿಗೆ ಕೊಡ್ತೀನಿ."

"ಬೇಡ. ನಿಮ್ಮ ಕೆಲಸ ಹೋದ್ರೆ ವೀಸಾನೂ ಹೋಗುತ್ತೆ. ತಲೆ ಕೆಟ್ಟಿದೆಯಾ?"

"ನಿಮ್ಮಷ್ಟು ಸಂಬಳಾನೂ ಕೊಡಲ್ಲ ನನಗೆ. ಇಬ್ಬರಿಗೂ ಟೋಪಿ ಹಾಕಿದ್ದಾರೆ ಮೇಡಂ."

"ಬೇಡ ಅಂದ್ರೆ ಬೇಡ."

ಅವನು ಕೊಟ್ಟೇ ಬಿಟ್ಟ. ಐದನೆಯ ದಿನ ಏಜೆನ್ಸಿ ಅವನನ್ನು ಕಿತ್ತುಹಾಕಿತು. ಎರಡು ವಾರದೊಳಗೆ ದೇಶ ಬಿಡಬೇಕೆಂದು ಪತ್ರ ಬಂತು. ಇತ್ತ ಲೇಬರ್ ಆಫೀಸು, ವಿಚಾರಣೆ ಮುಗಿಯುವವರೆಗೆ ಮೂವತ್ತು ಜನರಲ್ಲಿ ಒಬ್ಬರನ್ನೂ ಕಳಿಸಕೂಡದು ಎಂದಿತು. ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ಅವಳು ತನ್ನ ತುಂಡನ್ನು ಪಕ್ಕದ ಖಾಲಿ ಕುರ್ಚಿಯ ಮುಂದೆ ಇಟ್ಟಳು.

ಭಾನುವಾರ ಬೆಳಿಗ್ಗೆ ಅವನ ರೂಮು ಹುಡುಕಿಕೊಂಡು ಹೋದಳು. ನಾಲ್ಕು ಮಂಚದ ಕೋಣೆ, ಕಿಟಕಿಗೆ ಕಟ್ಟಿದ ಹಗ್ಗದಲ್ಲಿ ಒಗೆದ ಅಂಗಿಗಳು. ಅವನು ಸೂಟ್‌ಕೇಸಿನ ಮೇಲೆ ಮೊಣಕಾಲೂರಿ ಜಿಪ್ ಎಳೆಯುತ್ತಿದ್ದ.

"ಯಾರು ಹೇಳಿದ್ರು ನಿಮಗೆ ದೊಡ್ಡ ಮನುಷ್ಯ ಆಗೋಕೆ?" ಬಾಗಿಲಲ್ಲೇ ಶುರುಮಾಡಿದಳು. "ನನ್ನನ್ನ ಒಂದು ಮಾತು ಕೇಳಿದ್ರಾ? ದಿನಾ ಬೆಳಿಗ್ಗೆ ಆ ಖಾಲಿ ಕುರ್ಚಿ ನೋಡ್ಕೊಂಡು ಕೆಲಸ ಮಾಡಬೇಕಲ್ಲ ನಾನು!"

"ಕುರ್ಚಿ ತೆಗೆಸಿಬಿಡಿ."

"ತೆಗೆಸಲ್ಲ!"

ಅವನು ಜಿಪ್ ಬಿಟ್ಟು ಎದ್ದು ನಿಂತ. "ನಾಚಿಕೆ ಆಯ್ತು, ಅದಕ್ಕೆ ಕೊಟ್ಟೆ. ಕೋಪ ಬಂತು, ಅದಕ್ಕೂ ಕೊಟ್ಟೆ. ಇನ್ನೊಂದು ಕಾರಣ ಇದೆ. ಅದನ್ನ ನಿಮಗೆ ಹೇಳಿ ಏನು ಪ್ರಯೋಜನ?"

"ಹೇಳಿ."

"ನಿಮ್ಮ ಪಕ್ಕ ಕೂತ್ಕೊಳ್ಳೋಕೆ ಇಷ್ಟ ಆಗ್ತಿತ್ತು. ಆದ್ರೆ ನಿಮ್ಮ ಜಾಗದಲ್ಲಿ ಅಲ್ಲ."

ಅವಳ ಕಣ್ಣು ತುಂಬಿತು. ಅದಕ್ಕೂ ಅವಳಿಗೆ ಸಿಟ್ಟೇ ಬಂತು.

"ಮದುವೆ ಆದ್ರೆ ಇಲ್ಲೇ ಉಳೀಬಹುದು ಅಂತ ರೂಮಿನವರೆಲ್ಲ ಹೇಳ್ತಿದ್ದಾರೆ," ಎಂದ ಅವನು. "ನಾನು ಕೇಳಲ್ಲ. ಕೇಳಿದ್ರೆ ವೀಸಾಕ್ಕೆ ಕೇಳಿದ ಹಾಗಾಗುತ್ತೆ. ಅವರ ಆ ಒಂದು ಸುಳ್ಳು ಕಾಗದ ಸಾಲದಾ?"

"ಕೇಳಬೇಡ," ಎಂದಳು. ಅವನನ್ನು ಮೊದಲ ಸಲ ಏಕವಚನದಲ್ಲಿ ಕರೆದದ್ದು ಇಬ್ಬರಿಗೂ ಕೇಳಿಸಿತು. ಬಗ್ಗಿ ಸೂಟ್‌ಕೇಸಿನ ಮೂಲೆಯನ್ನು ಬಲವಾಗಿ ಒತ್ತಿ ಹಿಡಿದಳು. ಅವನು ಜಿಪ್ ಎಳೆದ.

ವಿಚಾರಣೆ ಐದು ತಿಂಗಳಿಗೆ ಮುಗಿಯಿತು. ಅವಳು ಎರಡು ಸಲ ಸಾಕ್ಷಿ ಹೇಳಿದಳು. ಕಂಪನಿಯ ವಕೀಲ "ನಿಮಗೂ ಅವರಿಗೂ ಏನು ಸಂಬಂಧ?" ಎಂದಾಗ, "ಅವರು ಸತ್ಯ ಹೇಳಿದ್ರು, ನನಗೆ ಅವರು ಇಷ್ಟ. ಎರಡನ್ನೂ ಬರ್ಕೊಳ್ಳಿ," ಎಂದಳು. ಹೇಳಿಕೆ ಸುಳ್ಳೆಂದು ತೀರ್ಮಾನವಾಯಿತು. ಮೂವತ್ತೂ ಜನರ ಕೆಲಸ ಉಳಿಯಿತು. ಅವನ ವೀಸಾ ಮಾತ್ರ ಯಾರ ಕೈಯಿಂದಲೂ ಮರಳಿ ಬರಲಿಲ್ಲ.

ಆ ಶುಕ್ರವಾರವೇ ಅವಳು ರಾಜೀನಾಮೆ ಬರೆದಳು. "ಗೆದ್ದ ಮೇಲೆ ಯಾಕಮ್ಮ ಬಿಡ್ತೀಯ?" ಎಂದು ಅಕ್ಕ ಫೋನಿನಲ್ಲಿ ಕೂಗಾಡಿದಳು. "ಅವರು ಕಳಿಸಿದ್ರೆ ಹೋಗ್ತಿರಲಿಲ್ಲ ಅಕ್ಕ. ಈಗ ನಾನೇ ಹೊರಟಿದ್ದೀನಿ," ಎಂದಳು.

ತಾಯ್ನಾಡಿನ ವಿಮಾನ ನಿಲ್ದಾಣದ ಕಂಬಿಯ ಆಚೆ ಅವನು ನಿಂತಿದ್ದ. ಸ್ವಲ್ಪ ಇಳಿದುಹೋಗಿದ್ದ. ಈ ಸಲ ಸಿಟ್ಟು ಅವನದು.

"ಕೆಲಸ ಬಿಟ್ಟು ಬರ್ತಾರಾ ಯಾರಾದ್ರೂ? ನನ್ನನ್ನ ಒಂದು ಮಾತು ಕೇಳಬಾರದಾ?"

"ಕೇಳೋ ಸರದಿ ನಿಂದು," ಎಂದಳು ಅವಳು, ಟ್ರಾಲಿಯನ್ನು ಅವನ ಕಡೆ ನೂಕಿ. "ಇಲ್ಲಿ ನಿನಗೆ ಯಾರ ಕಾಗದಾನೂ ಬೇಕಾಗಿಲ್ಲ. ಬೇಗ ಕೇಳು, ನಿಂತು ನಿಂತು ಕಾಲು ನೋಯ್ತಿದೆ."

ಅವನು ಟ್ರಾಲಿ ಬಿಟ್ಟು, ಅಷ್ಟು ಜನರ ನಡುವೆಯೇ ಅವಳ ಕೈ ಹಿಡಿದುಕೊಂಡು ಕೇಳಿದ.