ಅಕ್ಕನ ನಿದ್ದೆ

ದಿನಾಂಕ ಒಂಬತ್ತು, ಬೆಳಿಗ್ಗೆ ೧೧.೨೦. ಶಾಲಾ ಬಸ್ಸಿನ ಚಾಲಕಿ ಹಣೆಗೆ ಪಟ್ಟಿ ಕಟ್ಟಿಕೊಂಡೇ ಠಾಣೆಗೆ ಬಂದು ದೂರು ಕೊಟ್ಟಳು. ಹಿಂದಿನ ದಿನ ಮಕ್ಕಳನ್ನು ಇಳಿಸಿ ಬರುವಾಗ ತೂಕಡಿಸಿ ಬಸ್ಸನ್ನು ಗೋಡೆಗೆ ಗುದ್ದಿಸಿದ್ದಳು. ಲೈಸೆನ್ಸು ಹೋಗುವುದರಲ್ಲಿತ್ತು.

"ಎರಡು ವಾರದಿಂದ ನಿದ್ದೆ ಇಲ್ಲ ಸರ್. ಕಾಲೊಳಗೆ ಇರುವೆ ಹರಿದ ಹಾಗೆ. ವಾಸಿಯಾಗಿದ್ದ ಕಾಯಿಲೆ ತಿರುಗಿ ಬಂದಿದೆ. ಯಾರೋ ನನ್ನ ಅಲರ್ಜಿ ಮಾತ್ರೆ ಬದಲಾಯಿಸಿದ್ದಾರೆ. ಮೊದಲಿನದಕ್ಕೆ ನಡುವೆ ಗೆರೆ ಇರಲಿಲ್ಲ."

ಎಫ್‌ಐಆರ್ ದಾಖಲಾಯಿತು. ಮೀಸೆ ಕಾನ್‌ಸ್ಟೇಬಲ್ ನಕ್ಕ. "ಅಲರ್ಜಿ ಮಾತ್ರೆ ನುಂಗಿದ್ರೆ ನಾನು ನಿಂತಲ್ಲೇ ಗೊರಕೆ ಹೊಡೀತೀನಿ ಸರ್. ಈಯಮ್ಮಂಗೆ ನಿದ್ದೆ ಹೋಯ್ತಂತೆ!"

೧.೧೫ಕ್ಕೆ ಚಾಲಕಿಯ ವೈದ್ಯರು ಅವಳು ತಂದ ಮಾತ್ರೆ ನೋಡಿ ಆ ನಗುವಿಗೆ ತಣ್ಣೀರೆರಚಿದರು. "ಇದು ನಿದ್ದೆ ಬರಿಸೋ ಹಳೇ ಕಾಲದ ಅಲರ್ಜಿ ಮಾತ್ರೆನೇ. ಆದ್ರೆ ಕಾಲು ಚಡಪಡಿಸೋ ಕಾಯಿಲೆ ಇರೋರಿಗೆ ಚಡಪಡಿಕೆ ಇನ್ನೂ ಜಾಸ್ತಿ ಮಾಡಬಹುದು. ನಾನು ಕೊಟ್ಟಿದ್ದು ಬೇರೆ."

"ಇದು ಯಾರಿಗೆ ಗೊತ್ತಿರುತ್ತೆ?" ಇನ್ಸ್‌ಪೆಕ್ಟರು ಕೇಳಿದರು.

"ನಮ್ಮಂಥೋರಿಗೆ. ಇಲ್ಲಾ, ಅಂಥ ಕಾಲಿಟ್ಕೊಂಡು ಇದನ್ನ ನುಂಗಿ ಅನುಭವಿಸಿದೋರಿಗೆ."

ಮಧ್ಯಾಹ್ನ ೩ಕ್ಕೆ ಚಾಲಕಿಯ ಮನೆ. ಅಲ್ಲಿದ್ದವಳು ಅವಳ ತಂಗಿ, ದರ್ಜಿ. "ಅಕ್ಕನಿಗೇನು ಬಿಡಿ, ಈ ಎರಡು ವಾರ ಬಿಟ್ರೆ ತಲೆ ಇಟ್ಟ ತಕ್ಷಣ ನಿದ್ದೆ. ಪುಣ್ಯವಂತೆ," ಎಂದಳು.

ಊರಿನ ಬಟ್ಟೆಗೆಲ್ಲ ಅಂಚು ಹೊಲಿಯುವವಳ ಹೊದಿಕೆ ಕಾಲಿನ ಕಡೆ ಉಜ್ಜಿ ಉಜ್ಜಿ ಹರಿದಿತ್ತು. ಇನ್ಸ್‌ಪೆಕ್ಟರು ಅದನ್ನು ಎತ್ತಿ ಹಿಡಿದರು.

"ನಿಮಗೂ ಅದೇ ಕಾಲಾ?"

ಅವಳು ಹೊದಿಕೆ ಕಿತ್ತುಕೊಂಡು ಮಡಚಿಟ್ಟಳು. ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಗೆರೆಯಿದ್ದ ಮಾತ್ರೆಗಳು ಸಿಕ್ಕವು. ಪಂಚನಾಮೆ ಬರೆದು ವಶಪಡಿಸಿಕೊಂಡರು.

"ಯಾಕಮ್ಮಾ?"

"ಹದಿನೈದು ವರ್ಷ ಇಬ್ಬರೂ ರಾತ್ರಿಯೆಲ್ಲ ಈ ನಡುಮನೇಲಿ ಒಟ್ಟಿಗೆ ನಡೆದ್ವಿ ಸರ್, ಮಾತಾಡ್ತಾ, ನಗ್ತಾ. ಆಮೇಲೆ ಕಾಲಿನ ಮಾತ್ರೆ ಅವಳಿಗೆ ಹಿಡೀತು, ನನಗೆ ಬರೀ ವಾಂತಿ. ಗೋಡೆ ಆಚೆ ಅವಳ ಗೊರಕೆ ಕೇಳ್ತಾ ನಾನೊಬ್ಳೇ ನಡೀತಿದ್ದೆ. ಹೊಟ್ಟೆ ಉರೀತಿತ್ತು."

"ಬಸ್ಸು ಓಡಿಸೋಳು ಅಂತ ಅನ್ನಿಸಲಿಲ್ವಾ?"

"ಬಸ್ಸು ನೆನಪಿಗೇ ಬರಲಿಲ್ಲ. ಅಕ್ಕ ಎದ್ದು ಬಂದ್ಲಲ್ಲ, ಅಷ್ಟೇ ಸಾಕಾಗಿತ್ತು."

೪.೪೦ಕ್ಕೆ ಬಂಧನ. ಹೊಟ್ಟೆಕಿಚ್ಚು ಎಂದರೆ ಆಸ್ತಿ, ಗಂಡ, ಒಡವೆ ಎಂದೇ ತಿಳಿದಿದ್ದ ಇನ್ಸ್‌ಪೆಕ್ಟರು ಕಾರಣದ ಜಾಗದಲ್ಲಿ 'ನಿದ್ದೆ' ಎಂದು ಬರೆದರು.

ಅಕ್ಕ ಹೇಳಿಕೆಗೆ ಸಹಿ ಹಾಕಿದಳು. ಲಾಕಪ್ಪಿನತ್ತ ನೋಡಲಿಲ್ಲ. ಬಾಗಿಲವರೆಗೆ ಹೋದವಳು ನಿಂತು ಕೇಳಿದಳು:

"ಒಳಗೆ ನಡೆಯೋಕೆ ಜಾಗ ಇದೆಯಾ ಸರ್?"

"ಆರು ಹೆಜ್ಜೆ ಇದೆ."

"ಅವಳಿಗೆ ಸಾಲಲ್ಲ," ಎಂದಳು.