ಮೂರು ಗಂಟೆಯ ಬಸ್ಸು

ನಾಲ್ಕು ವರ್ಷ ಒಬ್ಬ ಹೆಂಗಸಿನೆದುರು ಸೋಲುವುದು ಪುತ್ತಿಗೆಯ ರುಕ್ಮಯ್ಯನಿಗೆ ಸಣ್ಣ ಮಾತಲ್ಲ. ಅದರಲ್ಲೂ ಆ ಹೆಂಗಸು ಬೇಲಿಯಾಚೆಯ ಕುಸುಮಕ್ಕ. ಪ್ರತಿ ಜನವರಿಯಲ್ಲಿ ಗುರುವಾಯನಕೆರೆಯ ಮೈದಾನದಲ್ಲಿ ನಡೆಯುವ ಕೃಷಿ ಪ್ರದರ್ಶನದಲ್ಲಿ ಸುವರ್ಣಗೆಡ್ಡೆಯ ಮೊದಲ ಬಹುಮಾನ ಅವಳಿಗೇ. ಬಹುಮಾನವೆಂದರೆ ಒಂದು ಹಿತ್ತಾಳೆ ಚೆಂಬು, ಅದು ಹೋಗಲಿ. ಆದರೆ ಗೆದ್ದವರ ಅಂಗಳಕ್ಕೆ ಬಂಟ್ವಾಳ, ಬೆಳ್ತಂಗಡಿಯ ರೈತರೆಲ್ಲ ಬಿತ್ತನೆಯ ಗೆಡ್ಡೆ ಕೇಳಿಕೊಂಡು ಬರುತ್ತಿದ್ದರು. ರುಕ್ಮಯ್ಯನೋ ಮೂಡುಬಿದಿರೆ ಸಂತೆಯಲ್ಲಿ ಗೋಣಿ ಹಾಸಿ, ಸಾಂಬಾರಿಗೆ ಕೊಳ್ಳುವವರೊಡನೆ ಚೌಕಾಸಿ ಮಾಡುತ್ತ ಕೂರಬೇಕಿತ್ತು.

ಫಲಿತಾಂಶ ಕೇಳಿದ್ದೇ ಅವನು ಕೊಡೆ ಎತ್ತಿಕೊಂಡು ಮೂರು ಗಂಟೆಯ ಬಸ್ಸು ಹತ್ತಿಬಿಡುತ್ತಿದ್ದ. ಆಮೇಲೆ ಯಾರಾದರೂ ಪ್ರದರ್ಶನದ ಸುದ್ದಿ ತೆಗೆದರೆ ಅಲ್ಲಿಂದ ಎದ್ದು ಹೋಗುತ್ತಿದ್ದ. ಮರುದಿನ ಬೆಳಿಗ್ಗೆ ಅವನ ಜಗಲಿಯ ಮೇಲೆ ಬಾಳೆಲೆಯಲ್ಲಿ ಸುತ್ತಿದ ಗೆಡ್ಡೆಯ ತುಂಡೊಂದು ಇರುತ್ತಿತ್ತು. ಕುಸುಮಕ್ಕ ಇಟ್ಟು ಹೋದದ್ದು. ಸೋತವನನ್ನು ಹಂಗಿಸಲು ಇದಕ್ಕಿಂತ ನಯವಾದ ದಾರಿ ಯಾವುದಿದೆ? ಮೊದಲ ವರ್ಷದ ತುಂಡನ್ನು ಅವನು ಗೊಬ್ಬರದ ಗುಂಡಿಯ ಬದಿಗೆ ಎಸೆದಿದ್ದ. ಅದು ಅಲ್ಲೇ ಮೊಳೆತು, ಯಾರೂ ಅಗೆಯದೆ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ, ಈಗ ಕೊಡೆಯಷ್ಟು ಅಗಲದ ಎಲೆ ಬಿಡಿಸಿ ನಿಂತಿತ್ತು.

ನಾಲ್ಕನೆಯ ಸಲ ಸೋತ ವರ್ಷ, ಮಳೆಗಾಲಕ್ಕೆ ಮೊದಲು ಸಂತೆಗೆ ಕಿಲೋ ಬಂತು. ಹಳೆಯ ರಾತಲಿನ ಕಬ್ಬಿಣದ ತೂಕದ ಕಲ್ಲುಗಳು ಕೆಲಸವಿಲ್ಲದೆ ಮೂಲೆ ಸೇರಿದವು. ಒಂದು ದಿನ ಐದು ರಾತಲಿನ ಕಲ್ಲು ಕಾಲಿಗೆ ತಾಗಿದಾಗ ರುಕ್ಮಯ್ಯನಿಗೆ ಉಪಾಯ ಹೊಳೆಯಿತು. ಬೆಳೆಯುವ ಗೆಡ್ಡೆ ಮಣ್ಣಿನ ಕಲ್ಲನ್ನು ನುಂಗಿಕೊಳ್ಳುವುದನ್ನು ಅವನು ಎಷ್ಟು ಸಲ ಕಂಡಿಲ್ಲ! ಕಬ್ಬಿಣವಾದರೆ ಬೇಡವೆನ್ನುತ್ತದೆಯೇ?

ಸುರಿಮಳೆಯ ಆಟಿ ತಿಂಗಳ ಕೊನೆಗೆ ಮೂರು ಗಿಡಗಳ ಬುಡ ಬಿಡಿಸಿ, ಗೆಡ್ಡೆಯ ಅಡಿಯಲ್ಲಿ ಗೂಡು ಕೊರೆದು, ಬೂದಿ ಸವರಿ, ಐದು ರಾತಲಿನ ಒಂದೊಂದು ಕಲ್ಲು ತುರುಕಿ ಮಣ್ಣು ಮುಚ್ಚಿದ. ಎರಡು ಕೊಳೆತವು. ಗೊಬ್ಬರದ ಗುಂಡಿಯದ್ದು ಗಾಯ ಮಾಯಿಸಿಕೊಂಡು ಬೆಳೆಯಿತು. ಗೂಡನ್ನು ಸರಿಯಾಗಿ ನಡುವಿಗೇ ಕೊರೆದದ್ದರ ಬಗ್ಗೆ ಅವನಿಗೆ ವಿಶೇಷ ಹೆಮ್ಮೆ: ತಕ್ಕಡಿಯಲ್ಲಿಟ್ಟಾಗ ಗೆಡ್ಡೆ ಒಂದು ಕಡೆಗೆ ವಾಲಬಾರದಲ್ಲ. ಮಾರುವುದಿಲ್ಲ, ಯಾರಿಗೂ ಕೊಡುವುದಿಲ್ಲ. ಮನೆಗೆ ತಂದು ಒಡೆದು, ಕಲ್ಲನ್ನು ಬಾವಿಗೆ ಹಾಕಿದರೆ ಮುಗಿಯಿತು. ಸಾಕ್ಷಿಯನ್ನು ಸಾಂಬಾರು ಮಾಡಿ ಉಣ್ಣುವ ಭಾಗ್ಯ ಎಷ್ಟು ಕಳ್ಳರಿಗುಂಟು?

ಪ್ರದರ್ಶನದ ದಿನ ಬಸ್ಸಿನಲ್ಲಿ ಕುಸುಮಕ್ಕ ತನ್ನ ಗೋಣಿಯಿಂದ ಎರಡು ಹಿಡಿ ಬೈಹುಲ್ಲು ತೆಗೆದು ಅವನತ್ತ ಚಾಚಿದಳು.

"ಅಡಿಗೆ ಹಾಕಿ ರುಕ್ಮಯ್ಯಣ್ಣ. ಬಸ್ಸು ಕುಲುಕಿದ್ರೆ ಪೆಟ್ಟಾಗ್ತದೆ. ಈ ಸಲ ನಿಮ್ಮದು ಭಾರೀ ದೊಡ್ಡದುಂಟು ಮಾರಾಯ್ರೆ!"

"ಹೂಂ," ಎಂದ ರುಕ್ಮಯ್ಯ. ಹುಲ್ಲನ್ನು ಮಾತ್ರ ತೆಗೆದುಕೊಂಡ.

ತೀರ್ಪುಗಾರರು ಹೇಮಚಂದ್ರ ಬಲ್ಲಾಳರು. ಜೈನರಾದ ಅವರ ಅಡುಗೆಮನೆಗೆ ಗೆಡ್ಡೆಗೆಣಸು ಹೊಸ್ತಿಲು ದಾಟಿ ಬಂದದ್ದಿಲ್ಲ. ರುಚಿಯ ಹಂಗಿಲ್ಲದ್ದರಿಂದ ತೀರ್ಪು ಬರೀ ತೂಕದ ಮೇಲೆ. ತಕ್ಕಡಿ ಹಿಡಿದ ವ್ಯಾಪಾರಿ ಮೊಯ್ದೀನ್ ಕುಸುಮಕ್ಕನದು ಹನ್ನೊಂದು ಕಿಲೋ ಎಂದು ಕೂಗಿದ. ರುಕ್ಮಯ್ಯನದನ್ನು ಎತ್ತುವಾಗ ಅವನ ಸೊಂಟ ಉಳುಕಿತು.

"ಅಲ್ಲ ರುಕ್ಮಯ್ಯಣ್ಣ, ಇದರೊಳಗೆ ಆನೆಮರಿ ಉಂಟಾ?"

ಜನ ನಕ್ಕರು. ರುಕ್ಮಯ್ಯನೂ ನಕ್ಕ, ಎಲ್ಲರಿಗಿಂತ ಸ್ವಲ್ಪ ತಡವಾಗಿ.

"ಹದಿನಾಲ್ಕು ಕಿಲೋ!"

ಚಪ್ಪಾಳೆಯ ನಡುವೆ ಅವನು ಮೊದಲ ಸಲ ಲೆಕ್ಕ ಹಾಕಿದ. ಐದು ರಾತಲೆಂದರೆ ಎರಡೂಕಾಲು ಕಿಲೋ. ಕಲ್ಲಿಲ್ಲದಿದ್ದರೂ ಗೆಡ್ಡೆ ಗೆಲ್ಲುತ್ತಿತ್ತು! ಇರಲಿ, ಜಾಗ್ರತೆ ಹೆಚ್ಚಾದರೆ ನಷ್ಟವಿಲ್ಲ. ಚೆಂಬನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಗೆಡ್ಡೆಯನ್ನು ಗೋಣಿಗೆ ಹಾಕಲು ಬಗ್ಗಿದ. ಮೂರು ಗಂಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು.

"ಎಲ್ಲಿಗೆ ಹೊರಟದ್ದು?" ಮೊಯ್ದೀನ್ ಗೋಣಿ ಹಿಡಿದುಕೊಂಡ. "ಕಡಿಯುವುದು ಯಾರು? ಗೆದ್ದ ಗೆಡ್ಡೆಯನ್ನು ಇಲ್ಲೇ ಕಡಿದು, ಸೋತವರಿಗೆಲ್ಲ ಒಂದೊಂದು ತುಂಡು ಬಿತ್ತಲಿಕ್ಕೆ ಕೊಡುವುದಲ್ವಾ, ವರ್ಷವೂ? ನೀವು ಬಸ್ಸಿಗೆ ಓಡ್ತೀರಿ, ನಿಮ್ಮ ಪಾಲನ್ನು ಪಾಪ ಕುಸುಮಕ್ಕ ಹೊತ್ತುಕೊಂಡು ಹೋಗುವುದು." ಆಗಲೇ ಸೋತವರ ಸಾಲು ಬೆಳೆದಿತ್ತು, ಮುಂದೆ ನಿಂತವಳು ಕುಸುಮಕ್ಕ, ಕೈಯಲ್ಲಿ ಬಾಳೆಲೆಯ ಚೂರು. ಮೊಯ್ದೀನ್ ಕೊಟ್ಟ ಕತ್ತಿಯನ್ನು ರುಕ್ಮಯ್ಯ ಗೆಡ್ಡೆಯ ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ಇಟ್ಟು ನೋಡಿದ, ನಡುವಿಗೆ ಮಾತ್ರ ತರಲಿಲ್ಲ. ಗೆದ್ದ ಸಂತೋಷಕ್ಕೆ ಹೀಗಾಗಿದೆ ಎಂದುಕೊಂಡ ಕುಸುಮಕ್ಕ, "ಕೊಡಿ ಅಣ್ಣ, ನಾನು ಕಡಿದುಕೊಡ್ತೇನೆ," ಎಂದು ಮೆಲ್ಲನೆ ಕತ್ತಿ ಬಿಡಿಸಿಕೊಂಡಳು. ಪ್ರತಿ ತುಂಡಿಗೂ ಮೊಳಕೆಯ ಪಾಲು ಸಿಗಬೇಕಾದರೆ ಕತ್ತಿ ಸರಿಯಾಗಿ ನಡುವಿನಲ್ಲೇ ಇಳಿಯಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಳಿಸಿದಳು. ಠಣ್ಣೆಂದಿತು.