ನೇಸರಗಿ ಹೊಲದ ಮೋಹಕ ಬಲೆ

ನೇಸರಗಿ ರಸ್ತೆಯ ಹೊಲದ ಬದಿಗೆ ಸ್ಕೂಟಿ ನಿಲ್ಲಿಸಿ ಜ್ಯೋತ್ಸ್ನಾ ಹೆಲ್ಮೆಟ್ ತೆಗೆಯುವಷ್ಟರಲ್ಲೇ ಬೈಗುಳ ಶುರುವಾಗಿತ್ತು.

"ಮತ್ತ ಬಂದ್ರೇನ್ರಿ ಬೀಜಾ ಮಾರಾಕ? ಬಿಟಿ ಹತ್ತಿಗೆ ಹುಳಾ ಹತ್ತೂದಿಲ್ಲ ಅಂತ ಆಣಿ ಮಾಡಿ ಹೋದ್ರಿ. ಹೋದ ವರ್ಷ ಕಾಯಿ ಒಡದ್ರ ಒಳಗ ಗುಲಾಬಿ ಹುಳದ್ದ ದರ್ಬಾರ!"

"ನಾ ಬೀಜಾ ಮಾರೂಕಿ ಅಲ್ರಿ. ಹುಳಾ ಎಣಸ್ಲಿಕ್ಕೆ ಬಂದೇನಿ."

ಹೊಲದ ಒಡೆಯ ಸಿದ್ಧಾರೂಢ ತಬ್ಬಿಬ್ಬಾದ. ಅವನ ಕಿವಿಗಳು ಕೆಂಪಾದದ್ದು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

ಜ್ಯೋತ್ಸ್ನಾ ಬೈಲಹೊಂಗಲದ ಹುಡುಗಿ. ಹತ್ತಿಯ ಹುಳಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಬಿತ್ತನೆಯಿಂದ ಹಂಗಾಮು ಮುಗಿಯುವವರೆಗೆ ಪ್ರತಿ ಗುರುವಾರ ಈ ಹೊಲಕ್ಕೆ ಬರಬೇಕಿತ್ತು.

"ಬಿಟಿ ಗಿಡದಾಗಿನ ವಿಷಾ ಅರಗಿಸ್ಕೊಳ್ಳೂದು ಹುಳಾ ಹೆಂಗ ಕಲತ್ವರಿ?" ಎಂದು ಅವನು ಬೇವಿನ ನೆರಳಲ್ಲಿ ಕೇಳಿದ.

"ಒಂದೂ ಕಲ್ತಿಲ್ರಿ. ಬಿಟಿ ತಿಂದು ಎಲ್ಲಾ ಸತ್ವು. ಎಲ್ಲೋ ಒಂದೆರಡಕ್ಕ ಮಾತ್ರ ಹುಟ್ಟತನ ತಡಕೊಳ್ಳೂ ಗುಣಾ ಇತ್ತು. ಅವ ಉಳದ್ವು, ಅವ ಅವ ಕೂಡಿದ್ವು, ಮರಿಗೋಳೂ ಹಂಗ ಹುಟ್ಟಿದ್ವು. ಇದಕ್ಕ ವಿಕಾಸ ಅಂತಾರ."

"ಸಾಲ್ಯಾಗ ಓದಿದ್ನಿ. ಅದು ಮಂಗ್ಯಾನ ಕಾಲದ ಮಾತು ಅನಕೊಂಡಿದ್ನಿ."

"ಈಗೂ ನಡದದ. ನಿಮ್ಮ ಹೊಲದಾಗ, ಕಣ್ಣ ಮುಂದ."

ಅವಳು ತಂದ, ಬಿಟಿ ಅಲ್ಲದ ಸಾದಾ ಹತ್ತಿಬೀಜವನ್ನು ಅವನು ಅಂಚಿಗೆ ಐದು ಸಾಲು ಊರಿದ. ಅಲ್ಲಿ ಸಾದಾ ಹುಳಗಳು ಬದುಕಿರುತ್ತವೆ, ವಿಷ ತಡೆದುಕೊಳ್ಳುವ ಗಟ್ಟಿ ಹುಳ ಅವನ್ನು ಕೂಡಿದರೆ ಮರಿಗಳ ಗಟ್ಟಿತನ ಕಡಿಮೆಯಾಗುತ್ತದೆ ಎಂದು ಅವಳು ವಿವರಿಸಿದಾಗ ಅವನು ಗಂಭೀರವಾಗಿ ತಲೆಯಾಡಿಸಿದ್ದ.

"ಅಂದ್ರ ಬೀಗತನಾ ಬ್ಯಾರೆ ಮನಿ ಜೋಡಿ ಮಾಡಸ್ಬೇಕು ಅನ್ರಿ."

ಜ್ಯೋತ್ಸ್ನಾ ನೋಟ್‌ಬುಕ್ ಹಿಂದೆ ಮುಖ ಮುಚ್ಚಿಕೊಂಡಳು.

ಹುಳ ಬೆಳೆದು ಪತಂಗವಾಗುತ್ತದೆ; ಹೆಣ್ಣು ಪತಂಗದ ವಾಸನೆಯಿಂದ ಗಂಡುಗಳನ್ನು ಸೆಳೆಯುವ ಬಲೆಗಳನ್ನು ಇಬ್ಬರೂ ಸೇರಿ ಕಟ್ಟಿದರು. ಮೋಹಕ ಬಲೆ ಎಂದು ಅವಳು ಹೇಳಿದಾಗ, ಅವನು ಆ ಹೆಸರನ್ನು ಇನ್ನೊಮ್ಮೆ ಹೇಳಿಸಿದ. ಅವಳು ಅಂಗೈಯಲ್ಲಿ ಕಾಯಿ ಬಿಡಿಸಿ ತೋರಿಸಿದರೆ, ಅವನು ಹುಳಕ್ಕಿಂತ ಅಂಗೈಯನ್ನೇ ಹೆಚ್ಚು ನೋಡುತ್ತಿದ್ದ. ಗುರುವಾರಗಳು ಬಲು ನಿಧಾನಕ್ಕೆ ಬರತೊಡಗಿದವು.

ಅಂಚಿನ ಸಾಲುಗಳನ್ನು ಹುಳ ತಿಂದು ಹಾಕಿತು. ಸಿದ್ಧಾರೂಢ ಹುಳಕ್ಕೆ ಊಟ ಹಾಕಿದ್ದಾನೆಂದು ಊರು ನಕ್ಕಿತು. ತಾಯಿ ದೇವಕ್ಕ ಸಿಟ್ಟಾದಳು. ಅವನು ಒಂದು ಗಿಡವನ್ನೂ ಕೀಳಲಿಲ್ಲ.

ಡಿಸೆಂಬರಿನ ಕೊನೆಯ ಎಣಿಕೆ. ಬಲೆಗಳನ್ನೆಲ್ಲ ಬಿಚ್ಚಿ ಚೀಲಕ್ಕೆ ಹಾಕುವಷ್ಟರಲ್ಲಿ ಹೊತ್ತು ಮುಳುಗಿತು. ಬಲೆಯ ವಾಸನೆ ಅವಳ ದುಪಟ್ಟಾಕ್ಕೆ ಹತ್ತಿತ್ತು. ಒಂದು ಬೂದುಬಣ್ಣದ ಪತಂಗ ಬಂದು ಅದರ ತುದಿಗೆ ಕೂತಿತು. ಇನ್ನೊಂದು, ಮತ್ತೊಂದು. ನೋಡನೋಡುತ್ತ ಪುಟ್ಟ ರೆಕ್ಕೆಗಳು ಅವಳ ಹೆಗಲ ಸುತ್ತ ಮಂಜಿನಂತೆ ಸುಳಿದಾಡಿದವು.

"ಊರ ಗಂಡ ಪತಂಗೆಲ್ಲಾ ನಿಮ್ಮ ಮ್ಯಾಲ ಮನಸ್ಸ ಮಾಡ್ಯಾವಲ್ರಿ!"

"ವಾಸನಿಗೆ ಮರುಳಾಗ್ಯಾವ್ರಿ, ಪಾಪ."

ಸಿದ್ಧಾರೂಢ ಚೀಲದ ಬಾಯಿ ಕಟ್ಟಿದ. "ವಾಸನಿ ಇಲ್ಲದನೂ ಒಬ್ಬಾಂವ ಮರುಳಾಗ್ಯಾನ್ರಿ," ಎಂದ, ನೆಲ ನೋಡುತ್ತ.

ಅವಳು ಹೆಗಲ ಮೇಲಿನ ಪತಂಗವನ್ನು ಮೆಲ್ಲಗೆ ಸರಿಸಿದಳು. "ನಿಮ್ಮ ಮನಿ ಬ್ಯಾರೆ, ನಮ್ಮ ಮನಿ ಬ್ಯಾರೆ. ಅವ್ವಗ ಹೇಳೂದು ಸರಳ ಇಲ್ರಿ."

"ಗೊತ್ತೈತ್ರಿ. ಅದಕ್ಕ ಇಷ್ಟ ದಿನಾ ಹೇಳಲಿಲ್ಲ."

ಅವಳು ಸ್ಕೂಟಿ ಹತ್ತಿದಳು. ದಾರಿಯುದ್ದಕ್ಕೂ ಕಣ್ಣುಗಳು ಮಂಜಾಗುತ್ತಿದ್ದವು.

ಮರುದಿನ ಮನೆಯಲ್ಲಿ ಹೇಳಿಬಿಟ್ಟಳು. ತಾಯಿ ಕಮಲಾಬಾಯಿ ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ಕಾಯಿಪಲ್ಲೆ ಹೆಚ್ಚುತ್ತ, ತಲೆ ಎತ್ತದೆ ಕೇಳಿದರು: "ಅವನ ತಾಯಿ ಹೆಂಗಿದ್ದಾರ? ಮಾತಾಡ್ಸಿಯೇನು?"

ಮುಂದಿನ ಗುರುವಾರ ಎಣಿಸಲು ಏನೂ ಇರಲಿಲ್ಲ. ಆದರೂ ಜ್ಯೋತ್ಸ್ನಾ ಹೋದಳು. ದೇವಕ್ಕ, ಮಗ ಇಬ್ಬರೂ ಉಡಿ ಕಟ್ಟಿಕೊಂಡು ಅದರಲ್ಲಿ ಹತ್ತಿ ಬಿಡಿಸಿ ತುಂಬುತ್ತಿದ್ದರು. ಸಿದ್ಧಾರೂಢ ಅವಳನ್ನು ಕಂಡು ನಿಂತಲ್ಲೇ ನಿಂತ.

ದೇವಕ್ಕ ಹುಬ್ಬು ಗಂಟಿಕ್ಕಿದಳು. "ಬಲಿ ಎಲ್ಲಾ ಬಿಚ್ಚಿ ಒಯ್ದಿಯಲ್ಲವಾ. ಮತ್ತ ಯಾಕ ಬಂದಿ?"

"ನಿಮ್ಮನ್ನ ಮಾತಾಡಸ್ಲಿಕ್ಕೆ ಬಂದೇನ್ರಿ... ಅತ್ತಿ."

ಆ ಮಾತು ಬಾಯಿಂದ ಜಾರಿತೋ, ಬೇಕೆಂದೇ ಅಂದಳೋ ಅವಳಿಗೇ ತಿಳಿಯಲಿಲ್ಲ. ಸಿದ್ಧಾರೂಢನ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು.

ದೇವಕ್ಕ ಮಗನ ಮುಖ ನೋಡಿದಳು, ಇವಳ ಮುಖ ನೋಡಿದಳು. ತುಟಿಯಂಚಿನ ನಗು ಕಾಣದಿರಲೆಂದು ಸೆರಗು ಸರಿಮಾಡಿಕೊಂಡಳು.

"ಅತ್ತಿ ಅಂದಮ್ಯಾಲ ಹಿಂಗ್ಯಾಕ ನಿಂತಿ? ಉಡಿ ಕಟ್ಗೊ. ಆ ಸಾಲು ನಿಂದು."